ಮಸಿ ಬಳಿದ ಕಡತಗಳ ಕಲೆ

ಸರ್ಕಾರಿ ದಾಖಲೆಯನ್ನು ಬಹಿರಂಗಪಡಿಸುವ ಮುನ್ನ ಅದರ ಕೆಲವು ಭಾಗಗಳನ್ನು ಕಪ್ಪು ಮಸಿಯಿಂದ ಮುಚ್ಚುವ ಕ್ರಮಕ್ಕೆ ‘ರಿಡ್ಯಾಕ್ಷನ್’ ಎನ್ನುತ್ತಾರೆ. ಅಮೆರಿಕದ ಕಲಾವಿದೆ ಜೆನ್ನಿ ಹೋಲ್ಜರ್ ಅಂತಹ ಕಾಗದಗಳನ್ನೇ ಚಿತ್ರಗಳಾಗಿಸಿದರು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಗೆ ಸಂಬಂಧಿಸಿದ ಸೇನಾ ನಕ್ಷೆ, ವಿಚಾರಣೆಯ ಹೇಳಿಕೆ, ಶವಪರೀಕ್ಷೆಯ ವರದಿ ಮೊದಲಾದವನ್ನು ಹಲವು ಪಟ್ಟು ಹಿಗ್ಗಿಸಿ, ಪಠ್ಯವನ್ನು ತಿದ್ದದೆ, ಲಿನನ್ ಬಟ್ಟೆಯ ಮೇಲೆ ತೈಲವರ್ಣದಲ್ಲಿ ಮೂಡಿಸಿದ ಈ ಕೃತಿಗಳಲ್ಲಿ ಕಲಾವಿದೆಯ ಮಾತಿಗಿಂತ ಆಯ್ಕೆಯೇ ಮುಖ್ಯವಾದದ್ದು. ಇರಾಕಿನಲ್ಲಿ ಅಪರಾಧದ ಆರೋಪ ಹೊತ್ತ ಸೈನಿಕರ ಅಂಗೈ ಅಚ್ಚುಗಳ ಚಿತ್ರಗಳು ಇವುಗಳಲ್ಲಿ ಅತ್ಯಂತ ಕಲಕುವಂಥವು: ಗುರುತು ಹಿಡಿಯಲೆಂದೇ ತೆಗೆದ ಅಚ್ಚಿನಲ್ಲಿ ಗುರುತಾಗಬೇಕಾದ ಗೆರೆಗಳೇ ಮಸಿಯಡಿ ಮರೆಯಾಗಿ, ಬೆರಳುಗಳ ಹೊರ ಆಕಾರವಷ್ಟೇ ಆಳೆತ್ತರದಲ್ಲಿ ಎದುರು ನಿಲ್ಲುತ್ತದೆ. 2003ರ ಇರಾಕ್ ದಾಳಿಯ ಯೋಜನೆಗೆಂದು ಸೇನೆ ಸಿದ್ಧಪಡಿಸಿದ್ದ ನಕ್ಷೆಗಳೂ ಇಲ್ಲಿವೆ. ಒಂದು ದೇಶದ ಮೇಲೆರಗುವ ಕಾರ್ಯವನ್ನು ಬಾಣದ ಗುರುತು ಮತ್ತು ತುಂಡು ಪದಗಳಿಗೆ ಇಳಿಸಿದ ಆ ಕಚೇರಿ ಭಾಷೆ, ಗೋಡೆಯಗಲ ಹಿಗ್ಗಿದಾಗ ತನ್ನ ಕ್ರೌರ್ಯವನ್ನು ತಾನೇ ಹೇಳಿಕೊಳ್ಳುತ್ತದೆ. ಅಮೂರ್ತ ಚಿತ್ರಕಲೆಯ ಬಣ್ಣದ ಚೌಕಗಳನ್ನು ನೆನಪಿಸುವ ಈ ಕಪ್ಪು ಪಟ್ಟಿಗಳು ನೋಡಲು ಸುಂದರವಾಗಿರುವುದು ಕೆಲವರಿಗೆ ಆಕ್ಷೇಪಾರ್ಹವೆನಿಸಬಹುದಾದರೂ, ಆ ಸೌಂದರ್ಯವೇ ನೋಡುಗರನ್ನು ಕಡತದ ಮುಂದೆ ನಿಲ್ಲಿಸಿ ಓದಿಸುತ್ತದೆ. ಯುದ್ಧವಿರೋಧಿ ಕಲೆಯಲ್ಲಿ ಇಷ್ಟು ಸಂಯಮದಿಂದ ಇಷ್ಟು ನಿಷ್ಠುರವಾಗಿ ಮಾತನಾಡಿದ ಕೃತಿಗಳು ವಿರಳ.