ಮಂಡಿನೋವಿಗೆ ತೈಲ: ಶಮನವೆಷ್ಟು, ಭರವಸೆಯೆಷ್ಟು?

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆಳಚು ಹೆಕ್ಕುವವರನ್ನು ಕಾಣಬಹುದು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಚಿಪ್ಪಿ ಸಂಗ್ರಹವನ್ನೇ ನೆಚ್ಚಿಕೊಂಡವರ ಸಂಖ್ಯೆಯನ್ನು 2,347 ಎಂದು ಅಂದಾಜು ಮಾಡಿತ್ತು. ಗಜನಿ ಭೂಮಿಯ ಕಗ್ಗ ಭತ್ತದ ಕೊಯ್ಲು, ಸಾಣಿಕಟ್ಟಾದ ಉಪ್ಪಿನಾಗರದ ದುಡಿಮೆ - ಇವೂ ಸೊಂಟ, ಮಂಡಿಗಳನ್ನು ಬಗ್ಗಿಸುವ ಕೆಲಸಗಳೇ. ಇಂಥ ಊರುಗಳಲ್ಲಿ ಮಂಡಿನೋವಿಗೆ ಮನೆಮದ್ದುಗಳು ಹೇರಳವಾಗಿರುವುದು ಸಹಜ. ಲಕ್ಕಿ ಸೊಪ್ಪಿನ ಶಾಖ, ಬಿಸಿ ಮಾಡಿದ ಎಕ್ಕೆ ಎಲೆ, ಕಾಯಿಸಿದ ತೈಲದ ನೀವಿಕೆ ಯಾರಿಗೂ ಹೊಸತಲ್ಲ. ಈಗ ಇವುಗಳ ಜೊತೆಗೆ ‘ಸವೆದ ಕೀಲು ಮತ್ತೆ ಬೆಳೆಯುತ್ತದೆ’, ‘ಶಸ್ತ್ರಚಿಕಿತ್ಸೆಯ ಅಗತ್ಯವೇ ಇಲ್ಲ’ ಎನ್ನುವ ಧಾಟಿಯ ಜಾಹೀರಾತುಗಳೂ ಸೇರಿಕೊಂಡಿವೆ.

ನೋವು ಕಡಿಮೆಯಾಗುವುದು ಒಂದು ಸಂಗತಿ. ಸವೆದ ಕೀಲು ಸರಿಹೋಗುವುದು ಇನ್ನೊಂದು. ಮೊದಲನೆಯದಕ್ಕೆ ದೊರೆತ ಪುರಾವೆಯನ್ನು ಎರಡನೆಯದಕ್ಕೆ ಸಾಕ್ಷಿಯಾಗಿ ಬಳಸುವುದು ಸರಿಯಲ್ಲ. ಆಯುರ್ವೇದದ ಮಂಡಿ ಚಿಕಿತ್ಸೆಗಳನ್ನು ವಿಮರ್ಶಿಸುವಾಗ ಈ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಕೀಲಿನೊಳಗೆ ಏನಿದೆ?

ತೊಡೆಯ ಮೂಳೆ ಮತ್ತು ಮೊಣಕಾಲಿನ ಮೂಳೆ ಸೇರುವಲ್ಲಿ ಎರಡರ ತುದಿಗಳಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ನಡುವೆ ಕೀಲುದ್ರವವಿದೆ. ಇದು ಎಣ್ಣೆಯಲ್ಲ, ಹೈಲುರಾನಿಕ್ ಆಮ್ಲದಂಥ ದೊಡ್ಡ ಅಣುಗಳು ಸೇರಿರುವ, ನೀರೇ ಆಧಾರವಾದ ದ್ರವ. ಆರೋಗ್ಯವಂತ ಕೀಲಿನ ಘರ್ಷಣಾಂಕ ಯಂತ್ರಗಳ ಅನೇಕ ಬೇರಿಂಗುಗಳಿಗಿಂತ ಕಡಿಮೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಆದ್ದರಿಂದ ಅದು ಒಮ್ಮೆ ಸವೆದರೆ ತಾನಾಗಿ ದುರಸ್ತಿಯಾಗುವುದು ಬಹಳ ಕಷ್ಟ. ನೋವು ಹುಟ್ಟುವುದು ಅದರ ಸುತ್ತಲಿನ ಪೊರೆ, ಮೂಳೆ, ಸ್ನಾಯು ಹಾಗೂ ಸ್ನಾಯುರಜ್ಜುಗಳಲ್ಲಿ. ಕ್ಷ-ಕಿರಣ ಚಿತ್ರದಲ್ಲಿ ಸವೆತ ಹೆಚ್ಚು ಕಂಡರೂ ನೋವು ಕಡಿಮೆ ಇರುವವರು, ಸವೆತ ಕಡಿಮೆ ಇದ್ದರೂ ನರಳುವವರು ಇರಲು ಇದೂ ಒಂದು ಕಾರಣ.

ಚರಕಸಂಹಿತೆಯ ವಾತವ್ಯಾಧಿ ಅಧ್ಯಾಯವು ಸಂಧಿಗತ ವಾತದ ಊತವನ್ನು ಗಾಳಿ ತುಂಬಿದ ಚರ್ಮದ ಚೀಲಕ್ಕೆ ಹೋಲಿಸುತ್ತದೆ. ಕೀಲನ್ನು ಮಡಿಸಿ ಚಾಚುವಾಗ ಆಗುವ ನೋವನ್ನೂ ಹೇಳುತ್ತದೆ. ಲಕ್ಷಣಗಳನ್ನು ಗಮನಿಸಿದ ಸೂಕ್ಷ್ಮತೆ ಮೆಚ್ಚತಕ್ಕದ್ದು. ಆದರೆ ಲಕ್ಷಣದ ವಿವರಣೆ ಸರಿಯಾಗಿದ್ದ ಮಾತ್ರಕ್ಕೆ ಇಂದು ಆ ಹೆಸರಿನಲ್ಲಿ ಮಾರುವ ಪ್ರತಿಯೊಂದು ಔಷಧವೂ ಸರಿ ಎಂದಾಗುವುದಿಲ್ಲ.

ಶಾಖ ಒಳಹೋಗುತ್ತದೆ, ಎಣ್ಣೆ ಹೋಗದು

ಜಾನುಬಸ್ತಿಯಲ್ಲಿ ಉದ್ದಿನ ಹಿಟ್ಟಿನ ಕಣಕದಿಂದ ಮಂಡಿಯ ಮೇಲೆ ಕಟ್ಟೆ ಕಟ್ಟಿ, ಅದರಲ್ಲಿ ಬೆಚ್ಚನೆಯ ತೈಲವನ್ನು ಸುಮಾರು ಅರ್ಧ ಗಂಟೆ ನಿಲ್ಲಿಸುತ್ತಾರೆ. ಇಲ್ಲಿ ಭೌತವಿಜ್ಞಾನ ಏನು ಹೇಳುತ್ತದೆ? ದೇಹದ ಮೃದು ಊತಕಗಳಲ್ಲಿ ಉಷ್ಣ ಹರಡುವಿಕೆಯ ಗುಣಾಂಕ ಸೆಕೆಂಡಿಗೆ ಸುಮಾರು 0.14 ಚದರ ಮಿಲಿಮೀಟರ್. ಇದನ್ನು 1,800 ಸೆಕೆಂಡುಗಳಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 16 ಮಿಲಿಮೀಟರ್ ಬರುತ್ತದೆ. ಹರಿಯುವ ರಕ್ತ ಸ್ವಲ್ಪ ಶಾಖವನ್ನು ಹೊತ್ತೊಯ್ಯುತ್ತದೆ, ನಿಜ. ಆದರೂ ಮಂಡಿಯ ಮುಂಭಾಗದಲ್ಲಿ ಮಾಂಸದ ಪದರ ತೆಳುವಾಗಿರುವುದರಿಂದ ಕೀಲಿನ ಹತ್ತಿರದವರೆಗೂ ಬಿಸಿ ತಲಪುವುದು ಸಾಧ್ಯ. ಬಿಸಿ ತಾಗಿದಾಗ ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಜಾನುಬಸ್ತಿ ಹಿತವೆನಿಸಿದರೆ ಆಶ್ಚರ್ಯವಿಲ್ಲ.

ಎಣ್ಣೆಯ ಕತೆ ಬೇರೆ. ಚರ್ಮದ ಅತಿ ಹೊರಗಿನ ಪದರ ಬಲವಾದ ತಡೆಗೋಡೆ. ಸಾಮಾನ್ಯವಾಗಿ 500ಕ್ಕಿಂತ ಹೆಚ್ಚು ಅಣುತೂಕದ ವಸ್ತುಗಳು ಅದನ್ನು ದಾಟುವುದು ಕಷ್ಟ. ಎಳ್ಳೆಣ್ಣೆಯ ಮುಖ್ಯ ಅಣುಗಳ ತೂಕ 870-885ರ ಆಸುಪಾಸು. ಒಂದಿಷ್ಟು ಎಣ್ಣೆ ಹೇಗೋ ಒಳಹೋಯಿತೆಂದೇ ಇಟ್ಟುಕೊಳ್ಳೋಣ. ನೀರಿನ ಆಧಾರದ ಕೀಲುದ್ರವದ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ. ಬಾಗಿಲಿನ ತಿರುಗಣೆಗೆ ಎಣ್ಣೆ ಬಿಟ್ಟಂತೆ ಮಂಡಿಗೆ ಎಣ್ಣೆ ಬಿಡಲಾಗದು. ಆದರೆ ಚರ್ಮ ಪೂರ್ತಿ ಮುಚ್ಚಿದ ಗೋಡೆಯೂ ಅಲ್ಲ. ಸುಮಾರು 300 ಅಣುತೂಕದ ಡೈಕ್ಲೊಫೆನಾಕ್ ಮುಲಾಮಿನ ರೂಪದಲ್ಲಿ ಒಳಹೋಗಿ ಕೆಲಸ ಮಾಡುತ್ತದೆ. ತೈಲದಲ್ಲಿ ಕುದಿಸಿದ ಗಿಡಮೂಲಿಕೆಗಳ ಚಿಕ್ಕ ಅಣುಗಳೂ ಹಾಗೆ ಹೋಗಬಹುದು. ಹೋಗುತ್ತವೆಯೇ, ಹೋದರೆ ಪ್ರಯೋಜನವಿದೆಯೇ ಎಂಬುದು ತರ್ಕದಿಂದಲ್ಲ, ಪ್ರಯೋಗದಿಂದ ತೀರ್ಮಾನವಾಗಬೇಕು. ಅಷ್ಟೇ ಬಿಸಿಯ, ಅಷ್ಟೇ ಹೊತ್ತು ನಿಲ್ಲಿಸಿದ ಬರಿಯ ಎಣ್ಣೆಯೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ಮೂಲಿಕೆಯ ಪಾಲು ಎಷ್ಟೆಂದು ತಿಳಿಯುತ್ತದೆ.

ಪರೀಕ್ಷೆಗೊಳಗಾದ ಔಷಧಗಳು

ಆಯುರ್ವೇದ ಔಷಧಗಳ ಪರೀಕ್ಷೆಯೇ ನಡೆದಿಲ್ಲ ಎನ್ನುವುದು ತಪ್ಪು. ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 440 ರೋಗಿಗಳಿದ್ದರು. ಶುಂಠಿ, ಅಮೃತಬಳ್ಳಿ, ನೆಲ್ಲಿ, ಗುಗ್ಗುಳ ಮೊದಲಾದವುಗಳ ಸಂಯೋಜನೆಗಳನ್ನು ಗ್ಲುಕೋಸಮೈನ್ ಮತ್ತು ಸೆಲೆಕಾಕ್ಸಿಬ್ ಔಷಧಗಳೊಂದಿಗೆ 24 ವಾರಗಳ ಕಾಲ ಹೋಲಿಸಲಾಯಿತು. ಯಾರಿಗೆ ಯಾವುದು ಸಿಗುತ್ತಿದೆಯೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ವ್ಯವಸ್ಥೆ ಮಾಡಲಾಗಿತ್ತು. ನೋವು ಇಳಿಸುವುದರಲ್ಲಿ ಎಲ್ಲವೂ ಸರಿಸಮ ಎಂಬ ಫಲಿತಾಂಶ ಬಂದಿತು. ಮೂಲಿಕೆ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಕಿಣ್ವದ ಮಟ್ಟ ಏರಿದ್ದನ್ನೂ ಸಂಶೋಧಕರು ಮುಚ್ಚಿಡದೆ ವರದಿ ಮಾಡಿದರು. ಇದು ಗೌರವಕ್ಕೆ ಯೋಗ್ಯವಾದ ಕೆಲಸ.

ಆದರೆ ಇದರಲ್ಲಿ ಹುಸಿಮಾತ್ರೆಯ ಗುಂಪು ಇರಲಿಲ್ಲ. ಇದು ಸಣ್ಣ ಕೊರತೆಯಲ್ಲ. 2006ರಲ್ಲಿ ಅಮೆರಿಕದಲ್ಲಿ 1,583 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲೂ ಶೇ. 60ರಷ್ಟು ಮಂದಿಗೆ ನೋವು ಕನಿಷ್ಠ ಶೇ. 20ರಷ್ಟು ಇಳಿದಿತ್ತು. ಸೆಲೆಕಾಕ್ಸಿಬ್ ಪಡೆದವರಲ್ಲಿ ಈ ಪ್ರಮಾಣ ಶೇ. 70. ಮಂಡಿನೋವು ಏರಿಳಿಯುವ ನೋವು. ಅದು ಅತಿಯಾದಾಗ ನಾವು ಮದ್ದು ಹುಡುಕುತ್ತೇವೆ. ಬಳಿಕ ಅದು ತಾನಾಗಿ ಇಳಿದರೂ ಶ್ರೇಯಸ್ಸು ಮದ್ದಿಗೆ ಸಲ್ಲುತ್ತದೆ. ‘ನನಗೆ ಗುಣ ಕಂಡಿತು’ ಎಂಬ ಮಾತು ಪ್ರಾಮಾಣಿಕವಾಗಿದ್ದರೂ ಪುರಾವೆಯಾಗಲು ಸಾಲದು.

ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 151 ಮಂದಿ ಇದ್ದರು. ಅಭ್ಯಂಗ, ಆಹಾರ, ಯೋಗ ಎಲ್ಲ ಸೇರಿದ ಆಯುರ್ವೇದ ಚಿಕಿತ್ಸೆ ಪಡೆದವರಿಗೆ 12 ವಾರಗಳಲ್ಲಿ ರೂಢಿಯ ಚಿಕಿತ್ಸೆಗಿಂತ ಸರಿಸುಮಾರು ಇಮ್ಮಡಿ ಸುಧಾರಣೆ ಕಂಡಿತು. ಆದರೆ ತಮಗೆ ಯಾವ ಚಿಕಿತ್ಸೆ ಸಿಗುತ್ತಿದೆಯೆಂಬುದು ರೋಗಿಗಳಿಗೆ ಗೊತ್ತಿತ್ತು. ಲಾಭದಲ್ಲಿ ಮೂಲಿಕೆಯದೆಷ್ಟು, ಸ್ಪರ್ಶದ್ದೆಷ್ಟು, ನಿರೀಕ್ಷೆಯದೆಷ್ಟು ಎಂದು ಇದರಿಂದ ಬಿಡಿಸಿ ಹೇಳಲಾಗದು.

ಈ ಅಳತೆಗೋಲು ಆಯುರ್ವೇದಕ್ಕೆ ಮಾತ್ರವೇ? ಖಂಡಿತ ಅಲ್ಲ. ಸವೆದ ಮಂಡಿಯೊಳಗೆ ಕೊಳವೆ ಇಳಿಸಿ ತೊಳೆದು ಕೆರೆಯುವ ಶಸ್ತ್ರಚಿಕಿತ್ಸೆ ಒಂದು ಕಾಲದಲ್ಲಿ ಬಹಳ ರೂಢಿಯಲ್ಲಿತ್ತು. 2002ರಲ್ಲಿ ಅಮೆರಿಕದಲ್ಲಿ 180 ರೋಗಿಗಳ ಮೇಲೆ ಅದನ್ನು ಬರಿಯ ಚರ್ಮ ಕೊಯ್ದು ಹೊಲಿದ ಹುಸಿ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ವಿಜ್ಞಾನ ತನ್ನದೇ ಮನೆಯ ನಂಬಿಕೆಯನ್ನೂ ಹೀಗೆ ಒರೆಗೆ ಹಚ್ಚುತ್ತದೆ. ಅದೇ ಒರೆಗಲ್ಲನ್ನು ಇತರರ ಮುಂದಿಡುವುದು ಅವಮಾನವಲ್ಲ.

ಅಳಿವೆಯ ಮಂಡಿಗೆ ಬೇಕಾದುದು

ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಕುಕ್ಕರಗಾಲಿನಿಂದ ಏಳುವಾಗ ಅದು ಇನ್ನೂ ಹೆಚ್ಚು. ಬೊಜ್ಜಿನವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಗೆ ಸುಮಾರು ನಾಲ್ಕು ಕಿಲೋ ಭಾರ ಇಳಿದಂತೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ಆದರೆ ಮೈಯಲ್ಲಿ ಬೊಜ್ಜೇ ಇಲ್ಲದೆ ದುಡಿಯುವವರಿಗೆ ಈ ಸಲಹೆ ಕೊಟ್ಟು ಏನು ಪ್ರಯೋಜನ? ಅವರು ಇಳಿಸಬೇಕಾದುದು ತಲೆಯ ಮೇಲಿನ ಬುಟ್ಟಿಯ ತೂಕವನ್ನು ಮತ್ತು ಕುಕ್ಕರಗಾಲಿನಲ್ಲಿ ಕೂರುವ ಅವಧಿಯನ್ನು. ಬುಟ್ಟಿಯನ್ನು ಅರ್ಧ ತುಂಬಿಸಿ ಎರಡು ಸಲ ಹೊರುವುದು, ನಡುನಡುವೆ ಎದ್ದು ನಿಲ್ಲುವುದು, ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರ ಚಾಚಿ ತೊಡೆಯ ಸ್ನಾಯು ಬಲಪಡಿಸುವುದು - ಇವಕ್ಕೆ ಖರ್ಚಿಲ್ಲ. ವ್ಯಾಯಾಮವಂತೂ ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳೆಲ್ಲದರ ಮೊದಲ ಸಾಲಿನಲ್ಲೇ ಇದೆ.

ಲಕ್ಕಿ ಸೊಪ್ಪಿನ ಶಾಖ ಹಿತವೆನಿಸಿದರೆ ಬಿಡಬೇಕಾಗಿಲ್ಲ. ಚರ್ಮ ಸುಡದಿದ್ದರೆ ಸಾಕು. ಆದರೆ ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿದರೆ ಅದು ಸವೆತದ ನೋವಲ್ಲದಿರಬಹುದು. ತಡಮಾಡದೆ ವೈದ್ಯರನ್ನು ಕಾಣಬೇಕು. ಹೆಸರಿಲ್ಲದ ಪೊಟ್ಟಣದ ಪುಡಿ ಒಂದೇ ದಿನದಲ್ಲಿ ನೋವನ್ನು ಮಾಯ ಮಾಡಿದರೆ ಸಂತೋಷಕ್ಕಿಂತ ಮೊದಲು ಸಂಶಯ ಬರಲಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರಕೆ ಪತ್ತೆಯಾದುದುಂಟು. 2004ರಲ್ಲಿ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ತಂದು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂಬುದನ್ನೂ ಮರೆಯಬಾರದು.

ಮದ್ದು ಕೊಡುವವರನ್ನು ನಾವು ಕೇಳಬೇಕಾದ ಪ್ರಶ್ನೆಗಳು ಮೂರೇ: ಇದು ನೋವನ್ನು ಇಳಿಸುತ್ತದೆಯೇ, ಕೀಲನ್ನು ಸರಿಪಡಿಸುತ್ತದೆಯೇ? ಯಾವುದರೊಂದಿಗೆ ಹೋಲಿಸಿ ನೋಡಿದ್ದೀರಿ? ಇದರಲ್ಲಿ ಏನೇನಿದೆ? ಉತ್ತರ ಸಿಗದಿದ್ದರೆ, ಒಂದು ಇಳಿತದ ದುಡಿಮೆಯ ಹಣವನ್ನು ಆ ಸೀಸೆಗೆ ಸುರಿಯುವ ಮೊದಲು ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.