ಫ್ರಾಯ್ಡನ ಚುಟ್ಟ, ಅನ್ನಾಳ ಒಪ್ಪಂದ

ಅರ್ನೆಸ್ಟ್ ಜೋನ್ಸ್ ಬರೆದ ಫ್ರಾಯ್ಡನ ಜೀವನಚರಿತ್ರೆ 1953ರಿಂದ 1957ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಮೊದಲಿನ ಎರಡನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಮೂರನೆಯದನ್ನು ಓದುವ ಉತ್ಸಾಹ ಆಗ ಉಳಿದಿರಲಿಲ್ಲ. ದೊಡ್ಡ ಸಿದ್ಧಾಂತಗಳ ಕಾಲ ಮುಗಿದು ಮುಪ್ಪು, ರೋಗ, ದೇಶತ್ಯಾಗ ಇಷ್ಟೇ ಉಳಿದ ಸಂಪುಟ ಅದು ಎಂದು ಭಾವಿಸಿದ್ದೆ. ಅದನ್ನು ಕೈಗೆತ್ತಿಕೊಂಡದ್ದು ನಮ್ಮ ತಂದೆಯವರ ಗಂಟಲಿನಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ. ಅವರು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಸಿಗರೇಟು ಸೇದಿದವರು. ಆದ್ದರಿಂದ ವಿಮರ್ಶಕನಿಗೆ ಇರಬೇಕಾದ ನಿರ್ಲಿಪ್ತತೆಯನ್ನು ವಾಚಕರು ಈ ಬರಹದಲ್ಲಿ ನಿರೀಕ್ಷಿಸಬಾರದು. ಆದರೂ ನಾನು ಹೇಳಹೊರಟಿರುವುದು ಪುಸ್ತಕಗಳ ವಿಚಾರವನ್ನೇ.

ನಮ್ಮಲ್ಲಿ ಜೀವನಚರಿತ್ರೆ ಬರೆಯುವವರು ಚರಿತ್ರನಾಯಕನ ಕೊನೆಯ ರೋಗಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಕೊಡುವುದು ಅಪರೂಪ. ಕೆಲಕಾಲ ಅಸ್ವಸ್ಥರಾಗಿದ್ದು ಇಹಲೋಕವನ್ನು ತ್ಯಜಿಸಿದರು ಎಂದರೆ ಮುಗಿಯಿತು. ಆ ‘ಕೆಲಕಾಲ’ದಲ್ಲಿ ರಾತ್ರಿ ಎದ್ದು ಕುಳಿತವರು ಯಾರು, ಹುಣ್ಣು ತೊಳೆದವರು ಯಾರು ಎಂಬುದನ್ನೆಲ್ಲ ಹೇಳಿದರೆ ದೊಡ್ಡವರ ಗೌರವಕ್ಕೆ ಕುಂದು ಎಂದು ಬಿಟ್ಟುಬಿಡುತ್ತಾರೆ. ಜೋನ್ಸ್ ಹಾಗೆ ಬಿಡುವವನಲ್ಲ. ತಾನೂ ವೈದ್ಯನಾದ್ದರಿಂದ ಗ್ರಂಥದ ಕೊನೆಗೆ ಶಸ್ತ್ರವೈದ್ಯನ ಟಿಪ್ಪಣಿಗಳನ್ನೇ ಅನುಬಂಧವಾಗಿ ಸೇರಿಸಿದ್ದಾನೆ. ಇಂಥ ದಿನ ಇಷ್ಟು ಕತ್ತರಿಸಿದೆ, ಇಂಥ ದಿನ ಇಷ್ಟು ಸುಟ್ಟೆ. ವರ್ಷದಿಂದ ವರ್ಷಕ್ಕೆ ಅದೇ ಒಣ ಧಾಟಿ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದುವವನಿಗೆ ಆ ಶುಷ್ಕತೆ ಒಂದು ಆಸರೆ.

ಸಂಗತಿ ಸ್ಥೂಲವಾಗಿ ಇದು. ಫ್ರಾಯ್ಡ್ ದಿನಕ್ಕೆ ಸುಮಾರು ಇಪ್ಪತ್ತು ಚುಟ್ಟ ಸೇದುತ್ತಿದ್ದ. 1923ರ ಆರಂಭದಲ್ಲಿ ಬಾಯೊಳಗೆ, ದವಡೆ ಮತ್ತು ಅಂಗುಳದ ಮೇಲೆ, ಒಂದು ಬೆಳವಣಿಗೆಯನ್ನು ಕಂಡುಕೊಂಡ. ಎರಡು ತಿಂಗಳು ಸುಮ್ಮನಿದ್ದ. ಹೇಳಿದರೆ ಚುಟ್ಟ ಬಿಡು ಎನ್ನುತ್ತಾರೆಂಬ ಭಯವೂ ಇದ್ದಿರಬೇಕು. ಏಪ್ರಿಲಿನಲ್ಲಿ ಮನೆಯವರಿಗೆ ಒಂದು ಮಾತೂ ಹೇಳದೆ ವಿಯೆನ್ನಾದ ಒಂದು ಆಸ್ಪತ್ರೆಗೆ ಹೋಗಿ ಅದನ್ನು ತೆಗೆಸಿಕೊಂಡ. ರಾತ್ರಿ ಅಲ್ಲಿಯೇ ಉಳಿಯಬೇಕಾಗಬಹುದು, ಬೇಕಾದ ಸಾಮಾನು ತನ್ನಿ ಎಂದು ಆಸ್ಪತ್ರೆಯಿಂದ ಬಂದ ದೂರವಾಣಿ ಕರೆಯಿಂದಲೇ ಮನೆಗೆ ವಿಷಯ ತಿಳಿದದ್ದು. ಹೆಂಡತಿಯೂ ಕಿರಿಯ ಮಗಳು ಅನ್ನಾಳೂ ಓಡಿಬಂದು ನೋಡಿದರೆ, ಆತ ಬಟ್ಟೆಯ ಮೇಲೆಲ್ಲ ರಕ್ತ ಮಾಡಿಕೊಂಡು ಒಂದು ಅಡಿಗೆಮನೆಯ ಕುರ್ಚಿಯ ಮೇಲೆ ಕುಳಿತಿದ್ದ. ಕೊಠಡಿ ಖಾಲಿಯಿಲ್ಲವೆಂದು ಒಬ್ಬ ಬುದ್ಧಿಮಾಂದ್ಯನಾದ ಕುಬ್ಜನ ಜೊತೆಯಲ್ಲಿ ಸಣ್ಣ ಕೋಣೆಯೊಂದರಲ್ಲಿ ಮಲಗಿಸಿದರು. ಮಧ್ಯಾಹ್ನ ಭೇಟಿಯ ವೇಳೆಯಲ್ಲವೆಂದು ಹೆಂಗಸರಿಬ್ಬರನ್ನೂ ಹೊರಗೆ ಕಳುಹಿಸಿದರು. ಆ ಹೊತ್ತಿನಲ್ಲೇ ರಕ್ತಸ್ರಾವ ಮೊದಲಾಯಿತು, ಕರೆಗಂಟೆ ಕೆಟ್ಟಿತ್ತು, ಆ ಕುಬ್ಜನೇ ಓಡಿಹೋಗಿ ಸಹಾಯ ತಂದ. ಹಿಂದಿರುಗಿ ಬಂದ ಅನ್ನಾ ಇನ್ನು ಏಳುವುದಿಲ್ಲವೆಂದು ರಾತ್ರಿಯೆಲ್ಲ ಅಲ್ಲಿಯೇ ಕುಳಿತಳು. ನಡುರಾತ್ರಿ ಸ್ಥಿತಿ ಬಿಗಡಾಯಿಸಿದಾಗ ಕರೆ ಕಳುಹಿಸಿದರೆ ಕರ್ತವ್ಯದ ಮೇಲಿದ್ದ ವೈದ್ಯ ಹಾಸಿಗೆ ಬಿಟ್ಟು ಏಳಲಿಲ್ಲ.

ಜೋನ್ಸನ ಸಂಪುಟದಲ್ಲೆಲ್ಲ ಅತ್ಯುತ್ತಮವಾದ ಪುಟಗಳು ಇವು ಎಂದು ನನ್ನ ಅಭಿಪ್ರಾಯ. ಬೇರೆಡೆ ಆತ ಗುರುವಿನ ಧೈರ್ಯವನ್ನು ಹೊಗಳಲು ಆಗಾಗ ವಿಶೇಷಣಗಳ ಮೊರೆಹೋಗುತ್ತಾನೆ. ಇಲ್ಲಿ ವಿಶೇಷಣಗಳಿಲ್ಲ, ಅಡಿಗೆಮನೆಯ ಕುರ್ಚಿ ಇದೆ, ಕೆಟ್ಟ ಗಂಟೆ ಇದೆ. ಮನುಷ್ಯನ ಮನಸ್ಸಿನ ನಕ್ಷೆಯನ್ನೇ ಬದಲಾಯಿಸಿದವನ ಜೀವ ಆ ಮಧ್ಯಾಹ್ನ ಹೆಸರೂ ಉಳಿಯದ ಒಬ್ಬ ರೋಗಿಯ ಕಾಲುಗಳನ್ನು ನಂಬಿ ಉಳಿಯಿತು. ಇದನ್ನು ಜೋನ್ಸ್ ಹೇಳಿ ಸುಮ್ಮನೆ ಮುಂದಕ್ಕೆ ಹೋಗುತ್ತಾನೆ. ಲೇಖಕನಿಗೆ ಅಷ್ಟು ಸಂಯಮ ಎಲ್ಲ ಕಡೆಯೂ ಇದ್ದಿದ್ದರೆ!

ಮುಂದಿನ ಭಾಗ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದ್ದು. ಗಡ್ಡೆ ಕ್ಯಾನ್ಸರೆಂದು ವೈದ್ಯರಿಗೆ ಗೊತ್ತಾಗಿತ್ತು, ಫ್ರಾಯ್ಡನಿಗೆ ಹೇಳಲಿಲ್ಲ. ಆತನ ವೈದ್ಯ ಫೆಲಿಕ್ಸ್ ಡಾಯ್ಚ್ ಅದನ್ನು ಅಪಾಯವಿಲ್ಲದ ಬಿಳಿಯ ಮಚ್ಚೆಯೆಂದು ಸಾಧಿಸಿದ. ಆ ಜೂನ್‌ನಲ್ಲಿ ಫ್ರಾಯ್ಡನ ಮುದ್ದಿನ ಮೊಮ್ಮಗ, ನಾಲ್ಕೂವರೆ ವರ್ಷದ ಹುಡುಗ, ಕ್ಷಯದಿಂದ ತೀರಿಕೊಂಡ. ಆ ದುಃಖದ ಮೇಲೆ ಇದನ್ನು ಹೇರುವುದು ಹೇಗೆ ಎಂಬ ಯೋಚನೆಯೂ ಸುತ್ತಲಿನವರಿಗೆ ಇದ್ದಿರಬಹುದು. ಆಗಸ್ಟಿನಲ್ಲಿ ಇಟಲಿಯ ಬೆಟ್ಟದ ತಪ್ಪಲಲ್ಲಿ ಶಿಷ್ಯರೆಲ್ಲ ಸೇರಿದಾಗ ಡಾಯ್ಚನಿಂದ ಅವರಿಗೂ ಗುಟ್ಟು ತಿಳಿಯಿತು. ಹೇಳಬೇಕೋ ಬಾರದೋ ಎಂದು ಚರ್ಚಿಸಿ, ಬಾರದೆಂದು ತೀರ್ಮಾನಿಸಿದರು. ಆ ಕೂಟದಲ್ಲಿ ಜೋನ್ಸನೂ ಇದ್ದ. ಹದಿನೈದು ವರ್ಷದ ಮೇಲೆ ಲಂಡನ್ನಿನಲ್ಲಿ ಆತ ಇದನ್ನು ಬಾಯಿಬಿಟ್ಟು ಹೇಳಿದಾಗ ಮುದುಕನ ಕಣ್ಣು ಕಿಡಿಕಾರಿತಂತೆ. ಯಾವ ಅಧಿಕಾರದಿಂದ ಹಾಗೆ ಮಾಡಿದಿರಿ ಎಂದು ಕೇಳಿದನಂತೆ. ತನಗೆ ಬಿದ್ದ ಈ ಪೆಟ್ಟನ್ನು ಮುಚ್ಚಿಡದೆ ಬರೆದದ್ದು ಜೋನ್ಸನ ಪ್ರಾಮಾಣಿಕತೆ.

ಮಗಳಿಗೆ ತಿಳಿದದ್ದು ಹೇಗೆ? ಬೆಟ್ಟದ ಹಾದಿಯಲ್ಲಿ ಡಾಯ್ಚನ ಜೊತೆ ನಡೆಯುತ್ತಿದ್ದಾಗ ಆಕೆ ವಿನೋದಕ್ಕೆಂಬಂತೆ ಒಂದು ಮಾತು ಹಾಕಿದಳು. ತಂದೆಯೂ ತಾನೂ ರೋಮಿಗೆ ಹೋಗುವುದಿದೆಯಲ್ಲ, ಊರು ಹಿಡಿಸಿದರೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ದಿನ ಉಳಿಯಬಹುದೇ ಎಂದಳು. ಡಾಯ್ಚ್ ಕಳವಳಗೊಂಡು, ಹಾಗೆ ಮಾಡುವುದಿಲ್ಲವೆಂದು ಮಾತು ಕೊಡು ಎಂದ. ಅಷ್ಟು ಸಾಕಾಯಿತು.

ಇದನ್ನು ಓದಿದಾಗ ಪುಸ್ತಕವನ್ನು ಮಡಿಸಿಟ್ಟೆ. ನಮ್ಮ ಮನೆಯಲ್ಲಿಯೂ ತಂದೆಯವರಿಗೆ ಹೇಳಕೂಡದೆಂದು ಸೋದರಮಾವನವರ ಅಪ್ಪಣೆಯಾಗಿತ್ತು. ಗಂಟಲಲ್ಲಿ ಒಂದು ಹುಣ್ಣು, ಕರೆಂಟು ಕೊಟ್ಟರೆ ಒಣಗುತ್ತದೆ ಎಂದು ನಾವು ಹೇಳಿದೆವು. ಅವರು ತಲೆದೂಗಿದರು. ಮೂರು ವಾರವಾದ ಮೇಲೆ ಒಂದು ಸಂಜೆ ನನ್ನೊಬ್ಬನನ್ನೇ ಕರೆದು, “ನಿಮ್ಮಮ್ಮ ಸಿಗರೇಟಿಗೆ ಬೈಯೋದನ್ನ ನಿಲ್ಲಿಸಿದ ದಿನವೇ ನನಗೆ ಗೊತ್ತಾಯ್ತು ಕಣೋ” ಎಂದರು. ಮೂವತ್ತೈದು ವರ್ಷ ಒಂದು ದಿನವೂ ತಪ್ಪದ ಬೈಗುಳ ಅದು. ರೋಗದ ಹೆಸರನ್ನು ನಾವು ಬಚ್ಚಿಟ್ಟೆವು. ನಮ್ಮ ಮರ್ಯಾದೆ ಅದನ್ನು ಬಯಲುಮಾಡಿತು.

ಅನ್ನಾ ತನಗೆ ತಿಳಿದದ್ದನ್ನು ತಂದೆಗೆ ಹೇಳಲಿಲ್ಲ. ಆತನಿಗೂ ಅನುಮಾನವಿತ್ತು. ಇಬ್ಬರೂ ಸೆಪ್ಟೆಂಬರಿನಲ್ಲಿ ರೋಮಿಗೆ ಹೋದರು. ದಾರಿಯಲ್ಲಿ ರೈಲಿನಲ್ಲಿ ಉಪಾಹಾರ ಮಾಡುತ್ತಿದ್ದಾಗ ಆತನ ಬಾಯಿಂದ ರಕ್ತ ಚಿಮ್ಮಿತು. ಆದರೂ ರೋಮಿನಲ್ಲಿ ನೋಡಬೇಕಾದದ್ದನ್ನೆಲ್ಲ ತಂದೆ ಮಗಳಿಗೆ ತೋರಿಸಿದ. ಇಷ್ಟು ಒಳ್ಳೆಯ ಸಂಗಾತಿ ಈಕೆ ಎಂದು ಪತ್ರದಲ್ಲಿ ಬರೆದುಕೊಂಡ. ಅಕ್ಟೋಬರಿನಲ್ಲಿ ಪಿಖ್ಲರ್ ಎಂಬ ಶಸ್ತ್ರವೈದ್ಯ ಎರಡು ಸಲ ಕತ್ತಿಯಾಡಿಸಿ ಮೇಲ್ದವಡೆಯ ಒಂದು ಪಾರ್ಶ್ವವನ್ನೇ ತೆಗೆದ. ಬಾಯಿಗೂ ಮೂಗಿಗೂ ನಡುವೆ ಕೃತಕ ಅಂಗುಳವೊಂದನ್ನು ಕೂಡಿಸಬೇಕಾಯಿತು. ರೋಮಿನ ಆ ದಿನಗಳಿಗೆ ಜೋನ್ಸ್ ಕೊಡುವ ಜಾಗ ತೀರ ಕಡಿಮೆ. ಒಬ್ಬರಿಗೊಬ್ಬರು ಹೇಳದ ಒಂದೇ ವಿಷಯವನ್ನು ಹೊತ್ತುಕೊಂಡು ಇಬ್ಬರು ಊರು ನೋಡಿದ ರೀತಿ ಅದು. ಕಾದಂಬರಿಕಾರನಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದ.

ಇನ್ನು ಚುಟ್ಟದ ಮಾತು. ಈ ವಿಷಯದಲ್ಲಿ ನಂಬಬೇಕಾದವನು ಮ್ಯಾಕ್ಸ್ ಶೂರ್. 1920ರ ದಶಕದ ಕೊನೆಯಿಂದ ಕೊನೆಯ ದಿನದವರೆಗೆ ಫ್ರಾಯ್ಡನನ್ನು ನೋಡಿಕೊಂಡ ವೈದ್ಯ ಈತ. ‘ಫ್ರಾಯ್ಡ್: ಲಿವಿಂಗ್ ಅಂಡ್ ಡೈಯಿಂಗ್’ ಎಂಬ ಈತನ ಗ್ರಂಥ ಈತ ತೀರಿಕೊಂಡ ಮೇಲೆ 1972ರಲ್ಲಿ ಹೊರಬಂತು. ಶೂರ್ ಜೋನ್ಸನಷ್ಟು ಚೆನ್ನಾಗಿ ಬರೆಯಲಾರ. ಹೇಳಿದ್ದನ್ನೇ ಹೇಳುತ್ತಾನೆ, ಮನೋವಿಶ್ಲೇಷಣೆಯ ಪರಿಭಾಷೆಯಲ್ಲಿ ತೊಡಕಿಕೊಳ್ಳುತ್ತಾನೆ. ಆದರೆ ಇದು ವ್ಯಸನ, ಇದನ್ನು ಈ ಮಹಾಪುರುಷ ಗೆಲ್ಲಲಾರದೆ ಹೋದ ಎಂದು ನೇರವಾಗಿ ಹೇಳುವ ಧೈರ್ಯ ಈತನಿಗಿದೆ. 1894ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಹೃದಯದ ತೊಂದರೆ ಬಂದು ಗೆಳೆಯ ಫ್ಲೀಸ್ ಬಿಡು ಎಂದಾಗ ಫ್ರಾಯ್ಡ್ ಬಿಟ್ಟ, ಒದ್ದಾಡಿದ, ಮತ್ತೆ ಹಿಡಿದ. 1923ರಲ್ಲಿ ಹುಣ್ಣಿಗೆ ಧೂಮಪಾನವೇ ಕಾರಣವೆನ್ನುತ್ತಿದ್ದಾರೆ ಎಂದು ತಾನೇ ಜೋನ್ಸನಿಗೆ ಬರೆದ, ಸೇದುವುದು ನಿಲ್ಲಲಿಲ್ಲ. 1930ರಲ್ಲಿ ಹೃದಯ ಮತ್ತೆ ಹೆದರಿಸಿದಾಗ ಕೆಲದಿನ ನಿಂತು ಮತ್ತೆ ಮೊದಲಾಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳ ನಡುವೆ ಹೊಗೆ ಏಳುತ್ತಲೇ ಇತ್ತು. ತಂಬಾಕಿನ ಬಗ್ಗೆ ಯಾರೋ ಕೇಳಿದ ಪ್ರಶ್ನೆಗೆ 1929ರಲ್ಲಿ ಕೊಟ್ಟ ಉತ್ತರದಲ್ಲಿ, ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮೊದಲುಮಾಡಿದೆ, ನನ್ನ ದುಡಿಮೆಯ ಶಕ್ತಿಗೂ ಆತ್ಮಸಂಯಮಕ್ಕೂ ಚುಟ್ಟಕ್ಕೆ ಋಣಿ ಎಂಬ ಅರ್ಥದ ಮಾತನ್ನಾಡಿ, ಜೊತೆಗೆ ತನ್ನ ತಂದೆಯನ್ನು ನೆನೆಯುತ್ತಾನೆ: ಆತನೂ ಬಹಳ ಸೇದುವವನು, ಎಂಬತ್ತೊಂದರವರೆಗೆ ಸೇದಿದವನು. ಪ್ರತಿಯೊಬ್ಬ ಸೇದುವವನಿಗೂ ಎಂಬತ್ತು ದಾಟಿದ ಇಂಥ ಒಬ್ಬ ಹಿರಿಯ ಇದ್ದೇ ಇರುತ್ತಾನೆ. ನಮ್ಮ ತಂದೆಯವರಿಗೆ ಅವರ ದೊಡ್ಡಪ್ಪ ಇದ್ದರು.

ನನಗೆ ಈ ಪುಸ್ತಕಗಳಲ್ಲಿ ಕೊರತೆಯೆಂದು ತೋರುವುದು ಇಲ್ಲಿಯೇ. ಆತ ಏಕೆ ಬಿಡಲಿಲ್ಲ ಎಂದು ಶೂರ್ ಕೇಳುತ್ತಾನೆ. ಆತ ಹೇಗೆ ಸಹಿಸಿದ ಎಂದು ಜೋನ್ಸ್ ಬೆರಗಾಗುತ್ತಾನೆ. ಪಕ್ಕದಲ್ಲಿದ್ದ ಮಗಳಿಗೆ ಕೋಪ ಬರಲಿಲ್ಲವೇ ಎಂದು ಇಬ್ಬರೂ ಕೇಳುವುದಿಲ್ಲ. ಮೊದಲಿನಿಂದಲೂ ಆಕೆಯೇ ದಾದಿ. ಒಮ್ಮೆ ಆ ಕೃತಕ ಅಂಗುಳವನ್ನು ಕೂಡಿಸಲು ತಂದೆ ಮಗಳು ಅರ್ಧ ಗಂಟೆ ಹೆಣಗಿ ಸೋತು, ಕೊನೆಗೆ ಶಸ್ತ್ರವೈದ್ಯನನ್ನೇ ಕರೆಸಬೇಕಾಯಿತೆಂದು ಜೋನ್ಸನೇ ಹೇಳುತ್ತಾನೆ. ರೋಗದ ಆರಂಭದಲ್ಲಿಯೇ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತಂತೆ: ಭಾವೋದ್ವೇಗ ತೋರಿಸಕೂಡದು, ಮಾಡಬೇಕಾದದ್ದನ್ನು ಶಸ್ತ್ರವೈದ್ಯನ ಹಾಗೆ ತಣ್ಣಗೆ ಮಾಡಬೇಕು. ಜೋನ್ಸ್ ಇದನ್ನು ತಂದೆಯ ಧೀರೋದಾತ್ತತೆಯ ಒಂದು ನಿದರ್ಶನವಾಗಿ ಬರೆದು, ಅದು ಆಕೆಗೆ ಶಕ್ತಿ ಕೊಟ್ಟಿತು ಎಂಬಂತೆ ಮುಂದುವರಿಯುತ್ತಾನೆ. ಇರಬಹುದು. ಆದರೆ ಅಳಬೇಡ ಎಂಬ ಕರಾರಿನೊಳಗೆ ಬೈಯಬೇಡ ಎಂಬ ಕರಾರೂ ಅಡಗಿರುತ್ತದೆ. ಹದಿನಾರು ವರ್ಷ ದಿನವೂ ಆ ಬಾಯನ್ನು ತೊಳೆದವಳು ಅದೇ ಬಾಯಲ್ಲಿ ಚುಟ್ಟವನ್ನೂ ನೋಡಿದಳು. ಕರುಣೆಯೂ ಆಕ್ಷೇಪಣೆಯೂ ಒಂದೇ ಕೈಯಲ್ಲಿರುವ ಈ ಸ್ಥಿತಿ ಸೇದುವವರ ಮಕ್ಕಳಿಗೆ ಮಾತ್ರ ಗೊತ್ತು. ಬೇರೆ ರೋಗವಾದರೆ ದೇವರನ್ನು ಬೈಯಬಹುದು.

ಜೋನ್ಸ್ ಕೇಳದಿದ್ದುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಾಗದಪತ್ರಗಳನ್ನು ಒದಗಿಸಿದವಳು ಅನ್ನಾ. ಬರೆದದ್ದನ್ನು ಓದಿ ತಿದ್ದಿದವಳು ಅನ್ನಾ. ಗ್ರಂಥ ಅರ್ಪಿತವಾಗಿರುವುದೂ ಆಕೆಗೇ. ತಂದೆಯೊಡನೆ ಮಾಡಿಕೊಂಡ ಒಪ್ಪಂದವನ್ನು ಆಕೆ ಆತನ ಜೀವನಚರಿತ್ರೆಯಲ್ಲಿಯೂ ಪಾಲಿಸಿದಳು ಎನ್ನಬೇಕು. ಇದು ನನ್ನ ಊಹೆ. ಮನೋವಿಶ್ಲೇಷಕರ ವಿಷಯ ಬರೆಯುವಾಗ ಊಹೆಗೆ ಸ್ವಲ್ಪ ಸಲಿಗೆಯುಂಟು.

ನನ್ನ ಕಡೆಯಿಂದ ಒಂದು ಸಂಗತಿ ಹೇಳಬೇಕು. ಕರೆಂಟು ಕೊಡುವುದು ಮುಗಿದು ಎರಡು ತಿಂಗಳಾದ ಮೇಲೆ, ಪಂಚಾಂಗ ಇಡುವ ಗೂಡಿನಲ್ಲಿ ಒಂದು ಸಿಗರೇಟು ಪೊಟ್ಟಣ ನನ್ನ ಕೈಗೆ ಸಿಕ್ಕಿತು. ನಾಲ್ಕು ಉಳಿದಿದ್ದವು. ಹಿತ್ತಲಿಗೆ ಹೋಗಿ ಮೋರಿಗೆ ಎಸೆದೆ. ತಂದೆಯವರು ಗೂಡಿನ ಬಳಿ ಹೋಗಿ ನೋಡಿ ಹಿಂದಿರುಗಿದ್ದನ್ನು ಕಂಡೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಎಸೆದದ್ದು ಪ್ರೀತಿಯಿಂದಲೋ ಸೇಡಿನಿಂದಲೋ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಶೂರನ ಗ್ರಂಥದಲ್ಲಿ ಇದಕ್ಕೆ ಉತ್ತರವನ್ನು ಹುಡುಕಿದೆ. ಬೇಡವೆಂದು ಹೇಳುವುದು ವೈದ್ಯನಾದ ತನ್ನ ಕರ್ತವ್ಯವೆಂದು ಆತ ಹೇಳುತ್ತಲೇ ಇದ್ದ; ಕೇಳದಾಗ ಬಿಟ್ಟುಹೋಗಲಿಲ್ಲ. ಇಷ್ಟೇ ಸಿಕ್ಕಿದ್ದು.

ಕೊನೆಯ ಅಧ್ಯಾಯವನ್ನು ಮೂವರೂ ಬರೆದಿದ್ದಾರೆ. ಮೂರನೆಯವನು 1988ರಲ್ಲಿ ತನ್ನ ಗ್ರಂಥವನ್ನು ಹೊರತಂದ ಪೀಟರ್ ಗೇ. 1939ರ ಸೆಪ್ಟೆಂಬರ್, ಲಂಡನ್. ಹುಣ್ಣಿನ ವಾಸನೆಗೆ ಸಾಕಿದ ನಾಯಿಯೂ ಹತ್ತಿರ ಬಾರದಾಗಿತ್ತು. ನೊಣ ಬರದಂತೆ ಮಂಚಕ್ಕೆ ಪರದೆ ಕಟ್ಟಿದ್ದರು. 21ರಂದು ಫ್ರಾಯ್ಡ್ ಶೂರನ ಕೈಹಿಡಿದು ಹಿಂದೆ ಕೊಟ್ಟ ಮಾತನ್ನು ಜ್ಞಾಪಿಸಿದ. ವ್ಯರ್ಥವಾಗಿ ನರಳಲು ಬಿಡುವುದಿಲ್ಲವೆಂಬ ಮಾತು. ಅನ್ನಾಳಿಗೆ ತಿಳಿಸು ಎಂದ. ಶೂರ್ ಮಾರ್ಫಿನ್ ಕೊಟ್ಟ. 23ರಂದು ಬೆಳಗಾಗುವ ಮುಂಚೆ ಪ್ರಾಣ ಹೋಯಿತು. ಈ ನಡುವೆ ಅನ್ನಾ ಹಿಂಜರಿದಳು, ಆ ಗಳಿಗೆಯನ್ನು ಮುಂದೂಡಬೇಕೆಂದಳು, ಶೂರ್ ಒತ್ತಾಯಿಸಿದ ಮೇಲೆ ಒಪ್ಪಿದಳು ಎಂಬುದನ್ನು ಗೇ ಬರೆಯುತ್ತಾನೆ. ಒಪ್ಪಂದ ಮುರಿದದ್ದು ಅಲ್ಲಿ, ಆ ಒಂದು ಹಿಂಜರಿಕೆಯಲ್ಲಿ. ಗೇ ಅದಕ್ಕೆ ಒಂದೇ ವಾಕ್ಯ ಕೊಟ್ಟಿದ್ದಾನೆ. ನಾನು ಓದಿದ ಸಾವಿರಾರು ಪುಟಗಳಲ್ಲಿ ನನಗೆ ಬೇಕಾಗಿದ್ದ ವಾಕ್ಯ ಅದು.

ಅನ್ನಾಳ ಜೀವನಚರಿತ್ರೆಯನ್ನು ಎಲಿಜಬೆತ್ ಯಂಗ್-ಬ್ರೂಹಲ್ ಎಂಬಾಕೆ ಅದೇ 1988ರಲ್ಲಿ ಪ್ರಕಟಿಸಿದಳು. ತಂದೆ ಸತ್ತ ಮೇಲೆ ಅನ್ನಾಳಿಗೆ ಬೀಳುತ್ತಿದ್ದ ಕನಸುಗಳ ಸಂಗತಿ ಅದರಲ್ಲಿದೆ. ಅವುಗಳಿಂದಲೇ ಮುಂದೆ, ವಸ್ತುಗಳನ್ನು ಕಳೆದುಕೊಳ್ಳುವುದರ ಬಗ್ಗೆ ಆಕೆ 1967ರಲ್ಲಿ ಪ್ರಕಟಿಸಿದ ಲೇಖನ ಹುಟ್ಟಿತೆಂದು ತಿಳಿಯುತ್ತದೆ. ಸತ್ತವರು ನಮ್ಮ ಕನಸುಗಳಲ್ಲಿ ದಾರಿ ತಪ್ಪಿದವರಂತೆ ನಮ್ಮನ್ನೇ ಹುಡುಕುತ್ತ ಅಲೆಯುತ್ತಾರಲ್ಲ, ಅದರ ವಿಚಾರ. ತಂದೆಯ ಹೆಸರಿಲ್ಲ, ಆದರೆ ಇದ್ದಾನೆ. ಚುಟ್ಟದ ಮಾತು ಈ ಪುಸ್ತಕದಲ್ಲಿಯೂ ನನಗೆ ಬೇಕಾದಷ್ಟಿಲ್ಲ. 1982ರಲ್ಲಿ, ಆಕೆಯ ಕೊನೆಯ ದಿನಗಳಲ್ಲಿ, ಗಾಲಿಕುರ್ಚಿಯಲ್ಲಿ ಹೊರಗೆ ತಿರುಗಾಡಲು ಕರೆದುಕೊಂಡು ಹೋಗುವಾಗ ತಂದೆಯ ಹಳೆಯ ಉಣ್ಣೆಯ ಮೇಲಂಗಿಯನ್ನು ಹೊದಿಸುತ್ತಿದ್ದರಂತೆ. ಪ್ರತಿವರ್ಷವೂ ಅದನ್ನು ಒಗೆಸಿ, ಸರಿಮಾಡಿಸಿ ಇಟ್ಟುಕೊಂಡಿದ್ದಳು.