ಲೈಸಿಯಂ ಥಿಯೇಟರಿನ ಮ್ಯಾನೇಜರು

ಬ್ರಾಮ್ ಸ್ಟೋಕರ್ ಎಂದರೆ ನಮಗೆ 'ಡ್ರಾಕುಲಾ'. ಬದುಕಿದ್ದಾಗ ಲಂಡನ್ನಿನ ನಾಟಕದ ಹುಚ್ಚಿನವರಿಗೆ ಆತ ನಟ ಹೆನ್ರಿ ಇರ್ವಿಂಗನ ಮ್ಯಾನೇಜರು, ಅಷ್ಟೇ.

ಶುರುವಾದದ್ದು ಸಿಟ್ಟಿನಿಂದ. 1871ರಲ್ಲಿ ಇರ್ವಿಂಗ್ ಡಬ್ಲಿನ್ನಿಗೆ ಬಂದು ಸೊಗಸಾಗಿ ನಟಿಸಿ ಹೋದ. ಊರಿನ ಪತ್ರಿಕೆಗಳು ತುಟಿ ಬಿಚ್ಚಲಿಲ್ಲ. ಸರ್ಕಾರಿ ಗುಮಾಸ್ತನಾಗಿದ್ದ ಸ್ಟೋಕರ್ 'ಡಬ್ಲಿನ್ ಈವ್ನಿಂಗ್ ಮೇಲ್' ಕಚೇರಿಗೆ ಹೋಗಿ, ಸಂಬಳ ಬೇಡ, ನಾಟಕದ ವಿಮರ್ಶೆ ನಾನು ಬರೆಯುತ್ತೇನೆ ಎಂದ. ಐದು ವರ್ಷ ಬರೆದ ಮೇಲೆ ಇರ್ವಿಂಗನ ಹ್ಯಾಮ್ಲೆಟ್ ಬಂತು. ವಿಮರ್ಶೆ ಓದಿದ ನಟ ಊಟಕ್ಕೆ ಕರೆದ. ಊಟವಾದ ಮೇಲೆ ಥಾಮಸ್ ಹುಡ್ ಬರೆದ ಕೊಲೆಗಾರನ ಪದ್ಯವೊಂದನ್ನು ಒಪ್ಪಿಸಿ, ಕೊನೆಗೆ ಕುರ್ಚಿಯಲ್ಲಿ ಕುಸಿದ. ಕೇಳುತ್ತಿದ್ದ ದಢೂತಿ ಸ್ಟೋಕರನಿಗೂ ಮನಸ್ಸಿನ ಸ್ಥಿಮಿತ ತಪ್ಪಿತು. ನನ್ನ ಪ್ರಕಾರ ಡಬ್ಲಿನ್ ತನ್ನ ವಿಮರ್ಶಕನನ್ನು ಕಳೆದುಕೊಂಡದ್ದು ಆ ರಾತ್ರಿಯೇ. ಮುಂದೆ ಆತ ಇರ್ವಿಂಗನಲ್ಲಿ ತಪ್ಪು ಹುಡುಕಿದ್ದು ಕಡಿಮೆ.

1878ರಲ್ಲಿ ಇರ್ವಿಂಗ್ ಲೈಸಿಯಂ ಥಿಯೇಟರನ್ನು ವಹಿಸಿಕೊಂಡ. ಸ್ಟೋಕರ್ ಸರ್ಕಾರಿ ನೌಕರಿ ಬಿಟ್ಟು, ಅವಸರದಲ್ಲಿ ಮದುವೆಯಾಗಿ, ಲಂಡನ್ನಿಗೆ ಬಂದ. ಟಿಕೆಟ್ಟಿನ ಲೆಕ್ಕ, ಗಣ್ಯರ ಸ್ವಾಗತ, ಯಜಮಾನನ ಪರವಾಗಿ ಪತ್ರ (ತನ್ನದೇ ಅಂದಾಜಿನಲ್ಲಿ ಐದು ಲಕ್ಷ!), ಅಮೆರಿಕಕ್ಕೆ ಕಂಪನಿಯನ್ನು ಸಾಗಿಸುವುದು, ಎಲ್ಲ ಅವನ ತಲೆಗೇ. ಆದರೂ ನಾಟಕದ ಮೋಜು ಸಾಯಲಿಲ್ಲ. 1885ರ 'ಫೌಸ್ಟ್'ನಲ್ಲಿ ಕತ್ತಿಗಳಿಂದ ಕಿಡಿ ಹಾರುವಂತೆ ಮಾಡಿದ ಬಗೆಯನ್ನು ಅವನು ಮುಂದೆ ಬರೆದ ನೆನಪುಗಳಲ್ಲಿ ಚಪ್ಪರಿಸಿ ವಿವರಿಸುತ್ತಾನೆ: ರಂಗದ ಮೇಲೆ ವಿದ್ಯುತ್ ಹರಿಯುವ ಎರಡು ಕಬ್ಬಿಣದ ಹಲಗೆ, ಅವುಗಳ ಮೇಲೆ ನಟರ ಬಲ ಬೂಟು, ಬಟ್ಟೆಯೊಳಗಿಂದ ರಬ್ಬರ್ ಕೈಗವಸಿನವರೆಗೆ ತಂತಿ, ಅಂಗೈಯಲ್ಲಿ ಉಕ್ಕಿನ ತುಂಡು. ಕತ್ತಿಗೆ ಕತ್ತಿ ತಾಗಿದರೆ ಝಳ್ ಎಂದು ಮಿಂಚು.

1898ರಲ್ಲಿ ಸೀನರಿಯ ಗೋದಾಮಿಗೆ ಬೆಂಕಿ ಬಿತ್ತು. ಖರ್ಚು ಉಳಿಸಲು ಇರ್ವಿಂಗ್ ವಿಮೆಯನ್ನು 10,000 ಪೌಂಡಿನಿಂದ 6,000ಕ್ಕೆ ಇಳಿಸಿದ್ದ. 44 ನಾಟಕಗಳ ಪರದೆ, ಸೆಟ್ಟು ಬೂದಿ. ಲೈಸಿಯಂ ಮತ್ತೆ ಚೇತರಿಸಿಕೊಳ್ಳಲಿಲ್ಲ. 1905ರಲ್ಲಿ ಇರ್ವಿಂಗ್ ತೀರಿಕೊಂಡ. ಮರುವರ್ಷ ಸ್ಟೋಕರ್ ಅವನ ನೆನಪುಗಳನ್ನು ಎರಡು ಸಂಪುಟಗಳಲ್ಲಿ ಬರೆದ. ಭಕ್ತಿ ಸ್ವಲ್ಪ ಜಾಸ್ತಿಯೇ ಆಯಿತು, ಆದರೆ ಥಿಯೇಟರ್ ನಡೆಸುವವರು ಓದಬೇಕಾದ ಪುಸ್ತಕ.

ಮ್ಯಾನೇಜರನ ನಿಜವಾದ ಗುರುತು ಕಾದಂಬರಿಯಲ್ಲೇ ಇದೆ ಎನ್ನುವುದು ನನ್ನ ವಾದ. 'ಡ್ರಾಕುಲಾ' ತುಂಬ ಪತ್ರ, ತಂತಿ ಸಂದೇಶ, ದಿನಚರಿ, ಟೈಪ್ ಮಾಡಿದ ಪ್ರತಿ. ರಕ್ತ ಹೀರುವ ಆ ಕೌಂಟ್ ತನ್ನ ಕೋಟೆಯಲ್ಲಿ ಸೋಫಾದ ಮೇಲೆ ಮಲಗಿ ಓದುತ್ತಿರುವುದು ಮಂತ್ರದ ಪುಸ್ತಕವನ್ನಲ್ಲ, ಇಂಗ್ಲೆಂಡಿನ ರೈಲ್ವೆ ವೇಳಾಪಟ್ಟಿಯನ್ನು!